ಮೂರು ಗ್ಯಾಸ್ಕೆಟ್ ಸುಟ್ಟ ಮೇಲೆ ಅಳೆಯಲು ಕುಳಿತೆ

ತಣ್ಣಗಿರುವ ಎಂಜಿನ್ ಚಾಲು ಮಾಡಿದ ಕೂಡಲೇ ಹೊಲಿಗೆ ಯಂತ್ರದಂಥ ಸದ್ದು: ಟಿಕ್, ಟಿಕ್, ಟಿಕ್. ನಾಲ್ಕೈದು ನಿಮಿಷದಲ್ಲಿ ಲೋಹ ಬಿಸಿಯಾಗಿ ಹಿಗ್ಗಿದರೆ ಸದ್ದು ನಿಲ್ಲುತ್ತದೆ. ಹಾಗೆ ನಿಲ್ಲುತ್ತಿದ್ದುದರಿಂದಲೇ ಎರಡು ವರ್ಷ ನಾನು ಅದನ್ನು ದೊಡ್ಡ ರೋಗವೆಂದು ಎಣಿಸಲಿಲ್ಲ. ಎಂಜಿನ್ನಿಗೂ ಹೊಗೆಯ ಕೊಳವೆಗೂ ನಡುವೆ ಸೋರದಂತೆ ಕೂರಿಸುವ ತೆಳು ಪದರ, ಅಂದರೆ ಗ್ಯಾಸ್ಕೆಟ್ ಹೋಗಿದೆ, ಹೊಗೆ ಸೋರುತ್ತಿದೆ, ಹೊಸದು ಹಾಕಿದರಾಯಿತು ಎಂದುಕೊಂಡೆ. ಮೂರು ಸಲ ಹಾಕಿದೆ. ಮೂರು ಸಲವೂ ಅದೇ ಸದ್ದು ಮರಳಿ ಬಂತು.

ಕಾರು 1999ರ ಮಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಎಲ್ಲರ ಬಾಯಲ್ಲೂ ಅದು ಮಿಯಾಟಾ. 1.8 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಕಾರ್ಖಾನೆಯಿಂದ ಬರುವಾಗ 140 ಅಶ್ವಶಕ್ತಿ. ನಾನು ಕೊಳ್ಳುವ ಹೊತ್ತಿಗೆ ಹಿಂದಿನ ಮಾಲೀಕರು ಅದಕ್ಕೆ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಕೂರಿಸಿದ್ದರು: ನಾಲ್ಕೂ ಸಿಲಿಂಡರಿನ ಹೊಗೆಯನ್ನು ಒಂದುಗೂಡಿಸುವ, ಬೆಸುಗೆ ಹಾಕಿದ ಸ್ಟೇನ್‌ಲೆಸ್ ಉಕ್ಕಿನ ಮ್ಯಾನಿಫೋಲ್ಡ್, ಅದರ ತುದಿಗೆ ಟರ್ಬೊ, ಅಲ್ಲಿಂದ ಕೆಳಗಿಳಿಯುವ ಮೂರು ಇಂಚಿನ ಡೌನ್‌ಪೈಪ್. ಮಿಷಿಗನ್ನಿನ ಸೌತ್ ಹೇವನ್ ಊರಿನ ಜಿಂಜರ್‌ಮನ್ ರೇಸ್ ಟ್ರ್ಯಾಕಿನಲ್ಲಿ ವರ್ಷಕ್ಕೆ ನಾಲ್ಕಾರು ದಿನ ಓಡಿಸುತ್ತೇನೆ. ಉಳಿದ ದಿನಗಳಲ್ಲಿ ಅದು ಗ್ಯಾರೇಜಿನಲ್ಲಿ ನಿಂತಿರುತ್ತದೆ. ನನಗೆ ಆ ಕಾರಿನ ಮೇಲೆ ಬಹಳ ಪ್ರೀತಿ.

ಸೋರಿಕೆ ಎಂದರೆ ಬರೀ ಸದ್ದಿನ ತೊಂದರೆ ಎಂದು ತಿಳಿದವರಿಗೆ ಎರಡು ಮಾತು ಹೇಳಲೇಬೇಕು. ಮೊದಲನೆಯದು ಪ್ರಾಣದ ವಿಷಯ. ಎಂಜಿನ್ ಕೋಣೆಯಲ್ಲಿ ಸೋರಿದ ಹೊಗೆ ಫೈರ್‌ವಾಲಿನ (ಆ ಕೋಣೆಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆ) ತೂತುಗಳಿಂದ, ಹೀಟರಿನ ಗಾಳಿಮಾರ್ಗದಿಂದ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಎರಡನೆಯದು, ಆಮ್ಲಜನಕ ಸೆನ್ಸರ್ ಹೇಳುವ ಸುಳ್ಳು. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಐಡಲ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ನಿಧಾನ ತಿರುಗುವಾಗ, ಎರಡು ಬಡಿತಗಳ ನಡುವೆ ಒತ್ತಡ ಕುಸಿದಾಗ ಸೋರುವ ಬಿರುಕು ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಗಾಳಿಯ ಆಮ್ಲಜನಕವನ್ನು ಕಂಡ ಸೆನ್ಸರ್ ‘ಇಂಧನ ಸಾಲದು’ ಎನ್ನುತ್ತದೆ, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ. ನಾನು ಒಂದು ಇಡೀ ವಾರಾಂತ್ಯ ಲ್ಯಾಪ್‌ಟಾಪ್ ಹಿಡಿದು ಇಂಧನದ ನಕ್ಷೆ, ಅಂದರೆ ಯಾವಾಗ ಎಷ್ಟು ಪೆಟ್ರೋಲ್ ಎಂದು ಇಸಿಯುಗೆ ಹೇಳುವ ಪಟ್ಟಿ, ತಿದ್ದುತ್ತಾ ಕುಳಿತಿದ್ದೆ. ಟರ್ಬೊ ಒತ್ತಡ ಏರಿದಾಗ ಅಂಕಿಗಳು ಸರಿಯಾಗಿರುತ್ತಿದ್ದವು, ಐಡಲ್‌ನಲ್ಲಿ ಮಾತ್ರ ತಪ್ಪುತ್ತಿದ್ದವು. ಆ ವ್ಯತ್ಯಾಸವೇ ಸೋರಿಕೆಯ ಗುರುತು ಎಂದು ಆಗ ಹೊಳೆಯಲಿಲ್ಲ.

ಮೊದಲು ಹಾಕಿದ್ದು ಅಗ್ಗದ ಕಾಂಪೊಸಿಟ್ ಗ್ಯಾಸ್ಕೆಟ್. ನಾಲ್ಕನೇ ಸಿಲಿಂಡರಿನ ಬಳಿ ಸುಟ್ಟು ಉದುರಿತು. ಎರಡನೆಯದು ಪದರ ಪದರದ ಉಕ್ಕಿನದು, ಒಳ್ಳೆಯ ಮಾಲು, ಅದೂ ಉಳಿಯಲಿಲ್ಲ. ಮೂರನೆಯದು ತಾಮ್ರದ್ದು, ಮೇಲೆ ಶಾಖ ತಡೆಯುವ ಸೀಲಂಟ್ ಬೇರೆ. ಅದು ಎರಡು ಟ್ರ್ಯಾಕ್ ದಿನಗಳಷ್ಟೇ ಬಾಳಿತು.

ನಾನು ಓದುವಾಗ ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದ ಲೇತ್ ಶೆಡ್ಡಿಗೆ ಕೆಲಸ ಕಲಿಯಲು ಹೋಗುತ್ತಿದ್ದೆ. ಅಲ್ಲಿನ ಹಿರಿಯ ಮೇಸ್ತ್ರಿಯೊಬ್ಬರು ಸೋರುವ ಪಂಪು ಬಿಚ್ಚಿದಾಗ ಹಳೆಯ ಗ್ಯಾಸ್ಕೆಟ್ಟನ್ನು ಎಸೆಯುತ್ತಿರಲಿಲ್ಲ. ಒರೆಸದೆ, ಮಡಚದೆ, ಕಿಟಕಿಯ ಬೆಳಕಿಗೆ ಹಿಡಿದು ಅದರ ಕಲೆಗಳನ್ನು ನೋಡುತ್ತಿದ್ದರು. ಮೂರನೇ ಗ್ಯಾಸ್ಕೆಟ್ ಕೈಗೆ ಬಂದಾಗ ಅವರ ನೆನಪಾಗಿ ನಾನೂ ಹಾಗೇ ಮಾಡಿದೆ. ನಡುವಿನ ಎರಡು ಪೋರ್ಟುಗಳ (ಸಿಲಿಂಡರಿನ ಹೊಗೆ ಹೊರಬರುವ ಬಾಯಿಗಳ) ಸುತ್ತ ತಾಮ್ರ ಚೆನ್ನಾಗಿ ಅದುಮಿಸಿಕೊಂಡು ಹೊಳೆಯುತ್ತಿತ್ತು. ಒಂದನೆಯ ಮತ್ತು ನಾಲ್ಕನೆಯ ಪೋರ್ಟಿನ ಹೊರ ಅಂಚಿನಲ್ಲಿ ಮಸಿ ಬೀಸಣಿಗೆಯಂತೆ ಹರಡಿತ್ತು. ಅಲ್ಲಿ ಒತ್ತಡವೇ ಬಿದ್ದಿರಲಿಲ್ಲ. ಟರ್ಬೊ ಮತ್ತು ಮ್ಯಾನಿಫೋಲ್ಡ್ ನಡುವಿನ ಗ್ಯಾಸ್ಕೆಟ್ ಇನ್ನೂ ವಿಚಿತ್ರವಾಗಿತ್ತು: ಒಂದು ಬದಿ ನಜ್ಜುಗುಜ್ಜು, ಇನ್ನೊಂದು ಬದಿ ಹೆಚ್ಚುಕಡಿಮೆ ಹೊಸದರಂತೆ. ಯಾವುದೋ ಭಾರ ಆ ಜೋಡಣೆಯನ್ನು ಬಗ್ಗಿಸಿ ಎಳೆಯುತ್ತಿತ್ತು.

ಚಳಿಗಾಲ ಬಂದಿತ್ತು, ಆತುರವಿರಲಿಲ್ಲ. ಎಲ್ಲವನ್ನೂ ಬಿಚ್ಚಿದೆ. ಟರ್ಬೊ ಹಿಡಿದಿದ್ದ ನಾಲ್ಕು ನಟ್‌ಗಳಲ್ಲಿ ಎರಡು ಬೆರಳಿನಲ್ಲೇ ತಿರುಗಿದವು. ಮ್ಯಾನಿಫೋಲ್ಡಿನ ಫ್ಲೇಂಜ್, ಅಂದರೆ ಎಂಜಿನ್ನಿಗೆ ಕೂರುವ ಚಪ್ಪಟೆ ಅಂಚಿನ ಮೇಲೆ ಉಕ್ಕಿನ ನೇರಪಟ್ಟಿ ಇಟ್ಟು, ಸಂದು ಅಳೆಯುವ ತೆಳು ತಗಡು (ಫೀಲರ್ ಗೇಜ್) ತೂರಿಸಿದರೆ ತುದಿಯಲ್ಲಿ 0.45 ಮಿ.ಮೀ. ಸಂದು. ಟರ್ಬೊದ ಹಳೆಯ ಸ್ಟಡ್‌ಗಳನ್ನು (ನಟ್ ಹಾಕಿ ಬಿಗಿಯುವ, ತಲೆಯಿಲ್ಲದ ಬೋಲ್ಟುಗಳನ್ನು) ಹೊಸದರ ಪಕ್ಕದಲ್ಲಿ ನಿಲ್ಲಿಸಿ ಅಳೆದೆ. ಅವು ಎಳೆದು ಉದ್ದವಾಗಿದ್ದವು. ಉದ್ದವಾದ ಸ್ಟಡ್ಡಿಗೆ ಬಿಗಿಯುವ ಶಕ್ತಿ ಎಲ್ಲಿಂದ ಬರಬೇಕು?

ಲೆಕ್ಕ ಹಾಕಿದಾಗ ಉಳಿದದ್ದು ತಿಳಿಯಿತು. 304 ದರ್ಜೆಯ ಸ್ಟೇನ್‌ಲೆಸ್ ಉಕ್ಕು 100 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಮೀಟರಿಗೆ ಸುಮಾರು 1.7 ಮಿ.ಮೀ. ಹಿಗ್ಗುತ್ತದೆ. ಫ್ಲೇಂಜ್ ಸುಮಾರು 35 ಸೆಂ.ಮೀ. ಉದ್ದ. ಅದು 400 ಡಿಗ್ರಿ ಏರಿತೆಂದರೆ 2.4 ಮಿ.ಮೀ. ಬೆಳೆಯುತ್ತದೆ. ಮ್ಯಾನಿಫೋಲ್ಡ್ ಕೂರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯೂಮಿನಿಯಂನದು; ಅದು ಹೆಚ್ಚು ಹಿಗ್ಗುವ ಲೋಹವೇ, ಆದರೂ ಒಳಗೆ ನೀರು ಹರಿಯುವುದರಿಂದ ಅದರ ಬಿಸಿ 80 ಡಿಗ್ರಿಯಷ್ಟೇ ಏರುತ್ತದೆ, ಬೆಳವಣಿಗೆ 0.6 ಮಿ.ಮೀ. ಮಾತ್ರ. ಅಂದರೆ ಪ್ರತಿ ಸಲ ಕಾದು ತಣಿಯುವಾಗ ಫ್ಲೇಂಜಿನ ಎರಡು ತುದಿಗಳೂ ಹೆಡ್ಡಿನ ಮೇಲೆ ಹೆಚ್ಚುಕಡಿಮೆ ಒಂದೊಂದು ಮಿಲಿಮೀಟರ್ ಜಾರಬೇಕು. ನನ್ನ ಫ್ಲೇಂಜಿನಲ್ಲಿ ತೂತುಗಳು ಸ್ಟಡ್ಡಿಗೆ ಬಿಗಿಯಾಗಿದ್ದವು. ಜಾರಲು ದಾರಿ ಕಾಣದ ಲೋಹ ಬಾಗಿತ್ತು.

ಬಗ್ಗಿಸುವ ಭಾರದ ಮೂಲ ಕಾರಿನ ಅಡಿಯಲ್ಲಿ ಸಿಕ್ಕಿತು. ಕಾರ್ಖಾನೆಯ ಪೈಪನ್ನು ಗೇರ್‌ಬಾಕ್ಸಿಗೆ ಕಟ್ಟುವ ಒಂದು ಬ್ರಾಕೆಟ್ ಇರುತ್ತದೆ. ಟರ್ಬೊ ಹಾಕಿದವರು ಅದನ್ನು ಬಿಟ್ಟಿದ್ದರು, ಡೌನ್‌ಪೈಪಿನಲ್ಲಿ ಬಳುಕುವ ತುಂಡನ್ನೂ ಹಾಕಿರಲಿಲ್ಲ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಹೊಯ್ದಾಡುತ್ತದೆ, ಸೈಲೆನ್ಸರ್ ದೇಹದಿಂದ ನೇತಾಡುತ್ತದೆ, ಈ ಎರಡರ ಜಗಳವನ್ನೂ ಪೈಪಿನ ತೂಕವನ್ನೂ ಆ ನಾಲ್ಕು ಸ್ಟಡ್‌ಗಳು ಹೊರುತ್ತಿದ್ದವು. ಕೆಂಪಗೆ ಕಾದ ಸ್ಥಿತಿಯಲ್ಲಿ.

ಹೆಡ್ಡಿನ ಸ್ಟಡ್ ತೆಗೆಯುವಾಗ ನಾಲ್ಕನೇ ಪೋರ್ಟಿನ ಕೆಳಗಿನದು ಮುರಿಯಿತು, ಹೆಡ್ಡಿನ ಮಟ್ಟದಿಂದ ಎರಡು ಥ್ರೆಡ್ಡಿನಷ್ಟು ಮೇಲೆ. ಡ್ರಿಲ್ ಹಿಡಿಯುವ ಆಸೆಯನ್ನು ಅದುಮಿಟ್ಟೆ. ಅಲ್ಯೂಮಿನಿಯಂ ಮೆತು, ಉಕ್ಕು ಗಟ್ಟಿ. ಡ್ರಿಲ್ ಬಿಟ್ ಜಾರುವುದು ಮೆತುವಿನ ಕಡೆಗೇ. ಮೂರು ದಿನ ಬೆಳಿಗ್ಗೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹನಿಸಿದೆ. ನಾಲ್ಕನೇ ದಿನ ಬೆಸುಗೆ ಬಲ್ಲ ಗೆಳೆಯರೊಬ್ಬರನ್ನು ಕರೆದು, ಬ್ಯಾಟರಿ ಕಳಚಿ, ಮುರಿದ ತುಂಡಿನ ಮೇಲೆ ಒಂದು ನಟ್ ಇಟ್ಟು ಅದರ ಒಳಗಿನಿಂದ ಬೆಸೆಸಿದೆ. ಬೆಸುಗೆಯ ಕಾವೇ ಅರ್ಧ ಕೆಲಸ ಮಾಡಿತು. ಕೆಂಪು ಬಣ್ಣ ಆರಿದ ಮೇಲೆ ಸ್ಪ್ಯಾನರ್ ಹಾಕಿ ಎಂಟನೇ ಒಂದು ಸುತ್ತು ಮುಂದೆ, ಎಂಟನೇ ಒಂದು ಸುತ್ತು ಹಿಂದೆ. ಹತ್ತು ನಿಮಿಷದಲ್ಲಿ ಅದು ಕಿರುಗುಟ್ಟುತ್ತಾ ಹೊರಬಂತು. ಹೆಡ್ಡಿನ ಥ್ರೆಡ್ಡುಗಳಿಗೆ ಏನೂ ಆಗಿರಲಿಲ್ಲ. ನಾವಿಬ್ಬರೂ ಗ್ಯಾರೇಜಿನ ನೆಲದಲ್ಲಿ ಸುಮ್ಮನೆ ಕುಳಿತುಬಿಟ್ಟೆವು.

ಮ್ಯಾನಿಫೋಲ್ಡಿನ ಎರಡೂ ಮುಖಗಳನ್ನು ಮೆಷಿನ್ ಶಾಪಿನಲ್ಲಿ ಸಮ ಮಾಡಿಸಿದೆ. ಫ್ಲೇಂಜ್ ತೆಳುವಾಗಬಾರದೆಂದು ಬೇಕಾದಷ್ಟನ್ನೇ ತೆಗೆಯಲು ಹೇಳಿದ್ದೆ. ನಡುವಿನ ತೂತುಗಳನ್ನು ಹಾಗೇ ಬಿಟ್ಟು, ಹೊರಹೊರಗೆ ಹೋದಂತೆ ಫೈಲಿನಿಂದ ಉದ್ದುದ್ದ ಮಾಡಿದೆ. ಈಗ ನಡು ಹಿಡಿದು ನಿಲ್ಲುತ್ತದೆ, ತುದಿಗಳು ಜಾರುತ್ತವೆ. ಹೆಡ್ಡಿನ ಕಡೆ ಪದರದ ಉಕ್ಕಿನ ಗ್ಯಾಸ್ಕೆಟ್ಟನ್ನೇ ಹಾಕಿದೆ, ಏಕೆಂದರೆ ಆ ಜಾರುವಿಕೆಯನ್ನು ಅದು ತಾಳುತ್ತದೆ. ಟರ್ಬೊ ಜೋಡಣೆಯಲ್ಲಿ ಗ್ಯಾಸ್ಕೆಟ್ಟನ್ನೇ ತೆಗೆದುಹಾಕಿದೆ. ಎರಡೂ ಮುಖಗಳು ನಿಜವಾಗಿ ಸಮವಾಗಿದ್ದರೆ ಅಲ್ಲಿ ಲೋಹಕ್ಕೆ ಲೋಹ ಕೂರುತ್ತದೆ. ನಡುವೆ ಕಾಲಕ್ರಮೇಣ ಕುಗ್ಗುವ ಪದರವಿಲ್ಲದಿದ್ದರೆ ಸ್ಟಡ್ಡಿನ ಬಿಗಿತ ಕರಗುವುದಿಲ್ಲ. ಅಲ್ಲಿ ಹಾಕಿದ್ದು ಇಂಕೊನೆಲ್ 718 ಮಿಶ್ರಲೋಹದ ಸ್ಟಡ್‌ಗಳು. ಸಾಮಾನ್ಯ ಉಕ್ಕು ಮೆತ್ತಗಾಗುವ ಬಿಸಿಯಲ್ಲೂ ಅವು ಬಲ ಬಿಡುವುದಿಲ್ಲ. ಬೆಲೆ ದುಬಾರಿ, ಆದರೆ ಇಡೀ ಕೆಲಸದಲ್ಲಿ ನಾನು ಮರುಯೋಚಿಸದೆ ಖರ್ಚು ಮಾಡಿದ್ದು ಅದಕ್ಕೇ. ನಟ್‌ಗಳ ಅಡಿಗೆ ಅದೇ ಶಾಖಕ್ಕೆ ತಕ್ಕ ದರ್ಜೆಯ, ಹಲ್ಲುಗಳಿರುವ ಜೋಡಿ ವಾಷರ್.

ಡೌನ್‌ಪೈಪಿಗೆ ಒಳಕವಚವಿರುವ ಬಳುಕುವ ತುಂಡು ಬೆಸೆಸಿದೆ. ಅದಕ್ಕಿಂತ ಮೇಲೆ, ಪೈಪನ್ನು ಗೇರ್‌ಬಾಕ್ಸಿಗೆ ಹಿಡಿಯುವ ಬ್ರಾಕೆಟ್ಟನ್ನು 5 ಮಿ.ಮೀ. ಪಟ್ಟಿಯಿಂದ ನಾನೇ ಮಾಡಿದೆ. ಇಲ್ಲಿ ಕ್ರಮ ಮುಖ್ಯ: ಎಂಜಿನ್ನಿನ ಜೊತೆ ಅಲುಗುವ ಭಾಗಗಳೆಲ್ಲ ಬಳುಕುವ ತುಂಡಿನ ಮೇಲೆ, ದೇಹದಿಂದ ನೇತಾಡುವುದೆಲ್ಲ ಅದರ ಕೆಳಗೆ. ಬ್ರಾಕೆಟ್ ಬೋಲ್ಟನ್ನು ಎಲ್ಲಕ್ಕಿಂತ ಕೊನೆಗೆ ಬಿಗಿದೆ. ಮೊದಲೇ ಬಿಗಿದಿದ್ದರೆ ಅದೇ ಪೈಪನ್ನು ಓರೆಯಾಗಿ ಎಳೆಯುತ್ತಿತ್ತು.

ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಸರ್ವಿಸ್ ಕೈಪಿಡಿ ಹೇಳುವ ಟಾರ್ಕಿಗೆ (ತಿರುಚುವ ಬಲಕ್ಕೆ) ಬಿಗಿದೆ. ಎಂಜಿನ್ ಪೂರ್ತಿ ಕಾಯಿಸಿ, ರಾತ್ರಿಯಿಡೀ ತಣಿಯಲು ಬಿಟ್ಟು, ಬೆಳಿಗ್ಗೆ ಹೆಡ್ಡಿನ ಕಡೆಯವನ್ನು ಮತ್ತೆ ನೋಡಿದೆ. ಎರಡು ನಟ್ ಚೂರು ತಿರುಗಿದವು. ಮರುದಿನ ಯಾವುದೂ ತಿರುಗಲಿಲ್ಲ. ಆಮೇಲೆ ತಣ್ಣಗಿರುವ ಎಂಜಿನ್ನಿಗೆ ಸೈಲೆನ್ಸರ್ ತುದಿಯಿಂದ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದಿ, ಪ್ರತಿ ಜೋಡಣೆಗೂ ಸಾಬೂನು ನೀರು ಸಿಂಪಡಿಸಿದೆ. ಬಳುಕುವ ತುಂಡಿನ ಬೆಸುಗೆಯಲ್ಲಿ ಒಂದು ಸಣ್ಣ ಗುಳ್ಳೆ ಎದ್ದಿತು, ಅದನ್ನು ಮತ್ತೆ ಬೆಸೆಸಿದೆ. ಫ್ಲೇಂಜುಗಳಲ್ಲಿ ಗುಳ್ಳೆಯಿಲ್ಲ.

ಪ್ರತಿ ನಟ್ ಮತ್ತು ಸ್ಟಡ್ ಮೇಲೆ ಶಾಖ ತಡೆಯುವ ಬಿಳಿ ಬಣ್ಣದಿಂದ ಒಂದು ಗೆರೆ ಎಳೆದಿದ್ದೇನೆ. ಗೆರೆ ಮುರಿದರೆ ನಟ್ ಸರಿದಿದೆ ಎಂದರ್ಥ. ಈ ಋತುವಿನಲ್ಲಿ ಜಿಂಜರ್‌ಮನ್ನಿನಲ್ಲಿ ಐದು ದಿನ, ದಿನಕ್ಕೆ ನಾಲ್ಕು ಸಲದಂತೆ ಇಪ್ಪತ್ತು ನಿಮಿಷಗಳ ಓಟ ಮುಗಿದಿದೆ. ಐಡಲ್‌ನಲ್ಲಿ ಇಂಧನದ ತಿದ್ದುಪಡಿ ಈಗ ಶೂನ್ಯದ ಹತ್ತಿರವೇ ನಿಂತಿದೆ, ಚಳಿಯ ಬೆಳಗಿನಲ್ಲೂ ಟಿಕ್ ಸದ್ದಿಲ್ಲ. ಟರ್ಬೊದ ಒಳಬದಿಯ ಕೆಳಗಿನ ನಟ್ಟಿನ ಗೆರೆ ಮಾತ್ರ ಕೂದಲೆಳೆಯಷ್ಟು ಸರಿದಂತೆ ಕಾಣುತ್ತದೆ. ಅದು ಬ್ರಾಕೆಟ್ಟಿಗೆ ತೀರ ಸಮೀಪದ ನಟ್. ಮುಂದಿನ ವಾರ ಬ್ರಾಕೆಟ್ ಸಡಿಲಿಸಿ, ಪೈಪ್ ತಾನಾಗಿ ಎಲ್ಲಿ ಬಂದು ನಿಲ್ಲುತ್ತದೆ ಎಂದು ನೋಡುತ್ತೇನೆ.