ಪಟ್ಟಿ ಬಿಟ್ಟೆ, ಪ್ರಶ್ನೆ ಹಿಡಿದೆ: ಎಳೆಯರಿಗೆ ಪ್ರಬಂಧ ಓದಿಸಿದ ನನ್ನ ಅನುಭವ

ಯೋಚನೆಗೆ ಹಚ್ಚುವ ಪ್ರಬಂಧಗಳ ಪಟ್ಟಿಯನ್ನು ನಾನೀಗ ಯಾರಿಗೂ ಕೊಡುವುದಿಲ್ಲ. 13ರಿಂದ 16 ವಯಸ್ಸಿನವರ ಕೈಗೆ 20 ಹೆಸರು ಕೊಟ್ಟರೆ ಮೊದಲನೆಯದನ್ನು ಅರ್ಧ ಓದಿ ಪಟ್ಟಿಯನ್ನೇ ಮಡಿಚಿಡುತ್ತಾರೆ. ಮೊದಲು ಪ್ರಶ್ನೆ, ಅವರ ಉತ್ತರ ಬಂದಮೇಲೆ ಪ್ರಬಂಧ ಎಂದಾಗ ‘ಇದೆಲ್ಲ ನಡೆಯಲ್ಲ’ ಅಂದವರೇ ಹೆಚ್ಚು. ಈಗ ಹತ್ತು ಪ್ರಬಂಧದಲ್ಲಿ ಆರೇಳನ್ನಾದರೂ ಕೊನೆಯ ಪ್ಯಾರಾದವರೆಗೆ ಓದುತ್ತಾರೆ. ಮುಂಚೆ ಎರಡು ದಾಟುತ್ತಿರಲಿಲ್ಲ.

ಸದಾ ಗೆಲ್ಲುವುದು ಪ್ರಾಣಿಗಳ ಗಾತ್ರದ ಬಗ್ಗೆ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರಲ್ಲಿ ಬರೆದ ಪ್ರಬಂಧ. ನನ್ನ ಪ್ರಶ್ನೆ: ಕಥೆಯ ರಾಕ್ಷಸ ನಮಗಿಂತ 10 ಪಟ್ಟು ಎತ್ತರ, 10 ಪಟ್ಟು ಅಗಲ, 10 ಪಟ್ಟು ದಪ್ಪ, ಅವನು ನಡೆಯಬಲ್ಲನೇ? ಹೆಚ್ಚಿನವರು ಹೌದು ಅನ್ನುತ್ತಾರೆ. ಆಗ ಒಂದೇ ಅಳತೆಯ 8 ಘನಗಳನ್ನು ಜೋಡಿಸಿ ದೊಡ್ಡ ಘನ ಮಾಡಿಸಿ. ಎತ್ತರ ಎರಡು ಪಟ್ಟು, ತೂಕ ಎಂಟು ಪಟ್ಟು, ನೆಲ ಮುಟ್ಟುವ ಜಾಗ ನಾಲ್ಕೇ ಪಟ್ಟು. ಅಲ್ಲಿಗೆ ನಿಲ್ಲಿಸಿ. ರಾಕ್ಷಸನ ತೂಕ 1000 ಪಟ್ಟು, ತೊಡೆಮೂಳೆಯನ್ನು ಅಡ್ಡ ಕೊಯ್ದರೆ ಕಾಣುವ ಜಾಗ 100 ಪಟ್ಟು, ಹೆಜ್ಜೆ ಇಟ್ಟರೆ ಮೂಳೆ ಮುರಿಯುತ್ತದೆ ಎಂಬ ಲೆಕ್ಕವನ್ನೂ ನಾವೇ ಮುಗಿಸಿದರೆ ಪ್ರಬಂಧಕ್ಕೆ ಕೆಲಸ ಉಳಿಯದು. ನಾನು ಬಹಳ ಕಾಲ ಕೆಡಿಸಿಕೊಂಡದ್ದು ಇಲ್ಲೇ.

ಜೀವವಿಜ್ಞಾನಿ ಟಿ.ಎಚ್. ಹಕ್ಸ್‌ಲಿ 1868ರಲ್ಲಿ ಕಾರ್ಮಿಕರ ಮುಂದೆ ಸೀಮೆಸುಣ್ಣದ ಬಗ್ಗೆ ಮಾಡಿದ ಉಪನ್ಯಾಸ ತುಂಬಾ ಉದ್ದ. ಇಡಿಯಾಗಿ ಕೊಟ್ಟರೆ ಸೋಲು ಖಚಿತ. ಸೂಕ್ಷ್ಮದರ್ಶಕದಲ್ಲಿ ಚಿಪ್ಪುಗಳು ಕಾಣುವ ಭಾಗದವರೆಗೆ ಸಾಕು. ಕೈಗೊಂದು ಸೀಮೆಸುಣ್ಣ ಕೊಡುವ ಮುನ್ನ ಅದರ ಮೇಲೆ ವಿನೆಗರ್ ಬಿಟ್ಟು ನೋಡಿ. ಬರೆಯುವ ಸೀಮೆಸುಣ್ಣ ಎಷ್ಟೋ ಸಲ ಜಿಪ್ಸಮ್ಮಿನದು, ಅದು ನೊರೆಯುವುದಿಲ್ಲ. ಹಕ್ಸ್‌ಲಿ ಹೇಳುವುದು ನೊರೆಯುವ ಸುಣ್ಣದ ಕಲ್ಲಿನ ಕಥೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲಂತೂ ಓದಿ ಅಂತ ಹೇಳುವ ಅಗತ್ಯವೇ ಬೀಳಲಿಲ್ಲ.

ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1936ರಲ್ಲಿ ಬರೆದ, ಆನೆಗೆ ಗುಂಡು ಹೊಡೆದ ಕಥೆಯ ಪ್ರಬಂಧಕ್ಕೆ ‘ಬರ್ಮಾ, ಬ್ರಿಟಿಷರ ಆಳ್ವಿಕೆ, ಬರೆದವನು ಪೊಲೀಸ್ ಅಧಿಕಾರಿ’ ಇಷ್ಟೇ ಪೀಠಿಕೆ. ಎರಡು ಪುಟ ಇತಿಹಾಸ ಹೇಳಿದಾಗ ಆನೆ ಬರುವ ಮುಂಚೆಯೇ ಓದುಗರು ಹೋಗಿದ್ದರು. ಪ್ರಶ್ನೆ: ಸಾವಿರಾರು ಜನ ನೋಡುತ್ತಿದ್ದರೆ, ತಪ್ಪೆಂದು ಗೊತ್ತಿದ್ದದ್ದನ್ನೂ ಮಾಡುತ್ತೀರಾ?

ಇನ್ನು ದುಡ್ಡು. ದಪ್ಪ ಸಂಕಲನಗಳಿಗೆ ಸುರಿದದ್ದು ಬಹುಪಾಲು ದಂಡ. ನಲವತ್ತು ಪ್ರಬಂಧದಲ್ಲಿ ಉಪಯೋಗಕ್ಕೆ ಬಂದದ್ದು ಮೂರೋ ನಾಲ್ಕೋ. ಹಕ್ಕುಸ್ವಾಮ್ಯ ಮುಗಿದ ಹಳೆಯದನ್ನು ಬಿಡಿ ಹಾಳೆಯಲ್ಲಿ, ಒಂದೇ ಬದಿಗೆ, ಬಲಗಡೆ ನಾಲ್ಕು ಬೆರಳು ಅಂಚು ಬಿಟ್ಟು ಮುದ್ರಿಸಿ. ಆ ಅಂಚಿನಲ್ಲಿ ಒಪ್ಪದ ಒಂದು ವಾಕ್ಯಕ್ಕೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ಕಾರಣ. ‘ಇಷ್ಟವಾಯಿತಾ’ ಅಂತ ಕೇಳಿದರೆ ಹೂಂ ಅನ್ನುತ್ತಾರೆ, ಮಾತು ಮುಗಿಯುತ್ತದೆ. ‘ಎಲ್ಲಿ ಒಪ್ಪಲಿಲ್ಲ’ ಅಂದರೆ ಅರ್ಧ ಗಂಟೆ ಸಾಲದು.

ಲೇಖಕರ ಹೆಸರು ಮುಚ್ಚಿ ಕೊಟ್ಟೂ ನೋಡಿದ್ದೇನೆ. ಧೈರ್ಯವಾಗಿ ಜಗಳವಾಡಿದರು, ಆದರೆ ಅದೇ ಲೇಖಕರ ಇನ್ನೊಂದನ್ನು ಹುಡುಕಲಾಗಲಿಲ್ಲ. ಈಗ ಓದಾದ ಮೇಲೆ ಹೆಸರು ತೋರಿಸುತ್ತೇನೆ. ಯಾವುದರ ಬೆನ್ನಿಗೆ ಯಾವುದು ಎಂಬ ನನ್ನ ಜೋಡಿಗಳನ್ನು ಇಲ್ಲಿ ಬರೆಯುವುದಿಲ್ಲ, ಅದು ವರ್ಷಗಟ್ಟಲೆ ಕೂತು ಹೊಂದಿಸಿದ್ದು. ಸುಳಿವು ಬೇಕಾದರೆ, ಎರಡನೆಯದು ಮೊದಲನೆಯದಕ್ಕೆ ಎದುರು ಮಾತಾಡಬೇಕು, ಮತ್ತು ಅದಕ್ಕಿಂತ ಚಿಕ್ಕದಾಗಿರಬೇಕು.