ಲಾನ್ ಚೇನಿಯ ಚಿತ್ರಗಳನ್ನು ನಾನು ಹುಡುಕಿ ನೋಡಿದ್ದು ಹೀಗೆ

ಮೂಕಿ ಚಿತ್ರ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಚಾಪ್ಲಿನ್ ಒಬ್ಬನೇ ನೆನಪಾಗೋದು. ಅವನ ಚಿತ್ರಗಳು ಹುಡುಕದಿದ್ದರೂ ಸಿಗುತ್ತವೆ. ಅಮೆರಿಕದ ಮೂಕಿ ನಟ ಲಾನ್ ಚೇನಿಯ ಕಥೆ ಹಾಗಲ್ಲ. ನೂರೈವತ್ತಕ್ಕೂ ಜಾಸ್ತಿ ಚಿತ್ರಗಳಲ್ಲಿ ನಟಿಸಿದವನು ಆತ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಎಲ್ಲೂ ಇಲ್ಲ. ಉಳಿದವುಗಳಲ್ಲೂ ಕೆಲವು ತುಂಡು, ಕೆಲವು ಮಸುಕು.

ನಾನು ಮೈಸೂರಿನಲ್ಲಿ ಹವ್ಯಾಸಿ ನಾಟಕ ತಂಡಗಳಿಗೆ ಬಣ್ಣ ಹಚ್ಚುವವನು. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ಚೇನಿ ತನ್ನ ಮೇಕಪ್ ತಾನೇ ಮಾಡಿಕೊಳ್ಳುತ್ತಿದ್ದ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದವರು ಮೇಕಪ್ ಬಗ್ಗೆ ಬರೆಯಲು ಅವನನ್ನೇ ಕೇಳಿದ್ದರು ಅಂತ ಎಲ್ಲೋ ಓದಿದೆ. ಆಸೆ ಹುಟ್ಟಿದ್ದು ಅಲ್ಲಿಂದ.

ಮೊದಲು ಮಾಡಬೇಕಾದ ಕೆಲಸ ಚಿತ್ರ ಹುಡುಕೋದಲ್ಲ. ಯಾವುದು ಉಳಿದಿದೆ, ಯಾವುದು ಹೋಗಿದೆ ಅಂತ ತಿಳ್ಕೊಳ್ಳೋದು. ಇಲ್ಲದ ಚಿತ್ರಕ್ಕೆ ರಾತ್ರಿಯೆಲ್ಲಾ ಕೂತು ತಡಕಾಡೋದು ದಂಡ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಒಂದು ವರದಿ ಹೊರತಂದಿತು. ಅಲ್ಲಿ ತಯಾರಾದ 10,919 ದೊಡ್ಡ ಮೂಕಿ ಚಿತ್ರಗಳಲ್ಲಿ, ಮೊದಲು ತೆರೆಕಂಡ ರೂಪದಲ್ಲೇ ಪೂರ್ತಿಯಾಗಿ ಉಳಿದಿರುವುದು ನೂರಕ್ಕೆ 14 ಮಾತ್ರ. ನಮ್ಮ ದೇಶದ ಲೆಕ್ಕ ಕೇಳಿದರೆ ಇನ್ನೂ ಸಂಕಟ. ಸುಮಾರು 1,300 ಮೂಕಿ ಚಿತ್ರಗಳು ಬಂದಿದ್ದವು, ಉಳಿದಿರೋದು ಮೂವತ್ತರ ಆಸುಪಾಸು. ಅದೇ ಲೈಬ್ರರಿಯವರು ಯಾವ ಚಿತ್ರದ ಪ್ರತಿ ಯಾವ ಸಂಗ್ರಹದಲ್ಲಿದೆ ಅಂತ ತಿಳಿಸುವ ಪಟ್ಟಿಯನ್ನೂ ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ. ನಾನು ಚೇನಿಯ ಹೆಸರಿಗೆ ಒಂದು ನೋಟ್‌ಬುಕ್ ಇಟ್ಟು, ಆ ಪಟ್ಟಿ ನೋಡಿಕೊಂಡು ಒಂದೊಂದು ಚಿತ್ರದ ಮುಂದೆ 'ಇದೆ', 'ತುಂಡು', 'ಇಲ್ಲ' ಅಂತ ಬರೆದುಕೊಂಡೆ.

ಈ 'ಇಲ್ಲ' ಪಟ್ಟಿಯಲ್ಲಿ ಎಲ್ಲರೂ ಕೇಳುವ ಹೆಸರು 1927ರ 'ಲಂಡನ್ ಆಫ್ಟರ್ ಮಿಡ್‌ನೈಟ್'. ಚೂಪು ಹಲ್ಲು, ಎತ್ತರದ ಟೋಪಿಯ ಆ ಫೋಟೋ ನೀವೂ ನೋಡಿರುತ್ತೀರಿ. ಗೊತ್ತಿದ್ದ ಕೊನೆಯ ಪ್ರತಿ 1960ರ ದಶಕದಲ್ಲಿ ಎಂಜಿಎಂ ಚಿತ್ರ ಕಂಪನಿಯ ಗೋದಾಮಿಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ಪೂರ್ತಿ ಸಿನಿಮಾ ಸಿಕ್ಕಿದೆ ಅಂತ ಯಾರಾದರೂ ವಿಡಿಯೋ ಹಾಕಿದ್ದರೆ ನಂಬಬೇಡಿ. ಅದು ಸಾಮಾನ್ಯವಾಗಿ 2002ರಲ್ಲಿ ಸ್ಟಿಲ್ ಫೋಟೋಗಳನ್ನು ಜೋಡಿಸಿ ಮಾಡಿದ್ದು. ಅದನ್ನೂ ನೋಡಬಹುದು. ಆದರೆ ಚೇನಿಯನ್ನು ನಿಂತ ಫೋಟೋದಲ್ಲಿ ನೋಡಿ ಏನು ಬಂತು? ಅವನು ನಡೆಯಬೇಕು, ಬಾಗಬೇಕು.

ಕೆಲವು ಚಿತ್ರಗಳ ಅದೃಷ್ಟ ವಿಚಿತ್ರ. 1919ರ 'ದಿ ಮಿರಾಕಲ್ ಮ್ಯಾನ್' ಅವನಿಗೆ ದೊಡ್ಡ ಹೆಸರು ತಂದ ಚಿತ್ರ. ಈಗ ಉಳಿದಿರೋದು ಕೆಲವೇ ನಿಮಿಷ. ಅದೂ ಯಾಕೆ ಉಳೀತು ಅಂದರೆ, ಪ್ಯಾರಾಮೌಂಟ್ ಕಂಪನಿ 1931ರಲ್ಲಿ ತನ್ನ ಹಳೆಯ ಚಿತ್ರಗಳ ತುಣುಕು ಸೇರಿಸಿ ಒಂದು ಪ್ರಚಾರದ ಚಿತ್ರ ಮಾಡಿತ್ತು, ಅದರಲ್ಲಿ ಈ ದೃಶ್ಯ ಸೇರಿಕೊಂಡಿತ್ತು. 1922ರ 'ಆಲಿವರ್ ಟ್ವಿಸ್ಟ್' ಎಪ್ಪತ್ತರ ದಶಕದಲ್ಲಿ ಯುಗೊಸ್ಲಾವಿಯಾದಲ್ಲಿ ಸಿಕ್ಕಿತು. ನಡುವೆ ಬರುವ ಬರಹದ ಕಾರ್ಡುಗಳು ಅದರಲ್ಲಿ ಇರಲೇ ಇಲ್ಲ. ಬಾಲನಟನಾಗಿದ್ದ ಜಾಕಿ ಕೂಗನ್ ಅಷ್ಟು ಹೊತ್ತಿಗೆ ವಯಸ್ಸಾದವನು. ಅವನ ನೆರವು ಪಡೆದು ಆ ಬರಹಗಳನ್ನು ಮತ್ತೆ ಹೊಂದಿಸಿದರು. 1927ರ 'ದಿ ಅನ್‌ನೋನ್' ಚಿತ್ರದ 35 ಎಂಎಂ ಪ್ರತಿ 1968ರಲ್ಲಿ ಪ್ಯಾರಿಸ್ಸಿನ ಸಿನಿಮಾಥೆಕ್ ಎಂಬ ಚಿತ್ರ ಸಂಗ್ರಹಾಲಯದಲ್ಲಿ ಸಿಕ್ಕಿತು. ಡಬ್ಬದ ಮೇಲೆ ಫ್ರೆಂಚ್‌ನಲ್ಲಿ 'ಅಜ್ಞಾತ' ಅಂತ ಇತ್ತು, ಚಿತ್ರದ ಹೆಸರಿನ ಅರ್ಥವೂ ಅದೇ. ಒಳಗೇನಿದೆ ಅಂತ ತಿಳಿಯದ ನೂರಾರು ಡಬ್ಬಗಳ ಮೇಲೂ ಅದನ್ನೇ ಬರೆದಿದ್ದರು!

ಹಾಗಾಗಿ ಹುಡುಕುವಾಗ ಇಂಗ್ಲಿಷ್ ಹೆಸರೊಂದನ್ನೇ ಹಾಕಿ ಸುಮ್ಮನಾಗಬೇಡಿ. ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಹೆಸರುಗಳನ್ನೂ ಹಾಕಿ. ಚಿತ್ರದ ಹೆಸರಿನ ಜೊತೆ ನಿರ್ದೇಶಕನ ಹೆಸರು, ಇಸವಿ ಹಾಕಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ನನಗೆ ಎಷ್ಟೋ ಸಿಕ್ಕಿದ್ದು ಹೀಗೆ. ಕದ್ದು ನೋಡ್ತಿದ್ದೀನಾ ಅಂತ ಅಳುಕೂ ಬೇಡ. ನಮ್ಮ ದೇಶದ ಕಾನೂನಿನ ಪ್ರಕಾರ ಸಿನಿಮಾದ ಹಕ್ಕು ಅದು ಬಂದ ಮೇಲೆ 60 ವರ್ಷ. ಚೇನಿಯ ಚಿತ್ರಗಳು ಆ ಗಡಿ ದಾಟಿ ಎಷ್ಟೋ ಕಾಲವಾಯಿತು. ಹೊಸದಾಗಿ ಸೇರಿಸಿದ ಸಂಗೀತದ ಹಕ್ಕು ಮಾತ್ರ ಬೇರೆ ಲೆಕ್ಕ.

ಚಿತ್ರ ಸಿಕ್ಕಿತು ಅನ್ನಿ. ಅಸಲಿ ಕೆಲಸ ಆಮೇಲೆ. ಸಿಕ್ಕಿದ್ದು ಯಾವ ಪ್ರತಿ? 'ದಿ ಫ್ಯಾಂಟಮ್ ಆಫ್ ದಿ ಆಪೆರಾ' ನೋಡಿದ್ದೀನಿ ಅಂತ ಯಾರಾದರೂ ಅಂದರೆ ನಾನು ಕೇಳೋದು ಇದನ್ನೇ. 1925ರಲ್ಲಿ ಬಂದ ರೂಪ ಮನೆಯಲ್ಲಿ ನೋಡಲು ಮಾಡಿಕೊಟ್ಟ ಚಿಕ್ಕ ಅಳತೆಯ 16 ಎಂಎಂ ಪ್ರತಿಗಳಲ್ಲಿ ಉಳಿದಿದೆ, ಮಸುಕು ಮಸುಕು. ಕಣ್ಣಿಗೆ ಹಿತವಾಗಿ, ಸ್ಪಷ್ಟವಾಗಿ ಕಾಣೋದು ಆಮೇಲೆ ಮರುಬಿಡುಗಡೆಗೆ ಅಂತ ಬದಲಾಯಿಸಿದ ರೂಪ. ಎರಡೂ ಒಂದೇ ಅಲ್ಲ. 1923ರ 'ದಿ ಹಂಚ್‌ಬ್ಯಾಕ್ ಆಫ್ ನೋಟರ್ ಡಾಮ್' ಉಳಿದಿರೋದೂ ಅಂಥ 16 ಎಂಎಂ ಪ್ರತಿಗಳಿಂದಲೇ. ಅದಕ್ಕೇ ಅದು ಎಲ್ಲಿ ನೋಡಿದರೂ ಸ್ವಲ್ಪ ಮೆತ್ತಗೆ ಕಾಣುತ್ತದೆ. ನಿಮ್ಮ ಟಿವಿಯನ್ನು ಬೈಯಬೇಡಿ.

'ದಿ ಅನ್‌ನೋನ್' ಚಿತ್ರಕ್ಕೆ ಗಡಿಯಾರ ನೋಡಿದರೆ ಸಾಕು. ಐವತ್ತು ನಿಮಿಷದ ಆಸುಪಾಸು ಇದ್ದರೆ ಹಳೆಯ ಪ್ರತಿ. 2022ರಲ್ಲಿ ಜಾರ್ಜ್ ಈಸ್ಟ್‌ಮನ್ ಮ್ಯೂಸಿಯಂನವರು ಜೆಕ್ ಪ್ರತಿಯ ಭಾಗಗಳನ್ನು ಸೇರಿಸಿ ಸುಮಾರು ಹತ್ತು ನಿಮಿಷ ಹೆಚ್ಚಿಸಿದ್ದಾರೆ. ದುಡ್ಡು ಕೊಟ್ಟು ಡಿಸ್ಕ್ ತರಿಸೋದಿದ್ದರೆ ನಾನು ಇದಕ್ಕೇ ಕೊಡ್ತೀನಿ. ಮಿಕ್ಕವಕ್ಕೆ ಪುಕ್ಕಟೆ ಪ್ರತಿ ನಡೆಯುತ್ತೆ.

ಇನ್ನು ವೇಗ. ಮೂಕಿ ಕಾಲದಲ್ಲಿ ಕ್ಯಾಮೆರಾ ತಿರುಗಿಸುವ ವೇಗ ಒಂದೇ ಸಮ ಇರಲಿಲ್ಲ. ಸೆಕೆಂಡಿಗೆ 16, 18, 20 ಫ್ರೇಮ್ ಹೀಗೆ ಏನೇನೋ. ಅದನ್ನು 24ರಲ್ಲಿ ಓಡಿಸಿದರೆ ಜನ ಕುಣಿದಾಡಿದ ಹಾಗೆ ಕಾಣುತ್ತಾರೆ. ಮೂಕಿ ಅಂದರೆ ತಮಾಷೆ ಅಂತ ನಾವು ಅಂದುಕೊಂಡಿರೋದಕ್ಕೆ ಅರ್ಧ ಕಾರಣ ಇದೇ. ನಾನು ವಿಎಲ್‌ಸಿ ಪ್ಲೇಯರ್‌ನಲ್ಲಿ ವೇಗವನ್ನು 0.85ಕ್ಕೋ 0.8ಕ್ಕೋ ಇಳಿಸ್ತೀನಿ. ಸರಿ ಇದೆಯೋ ಇಲ್ಲವೋ ತಿಳಿಯೋದಕ್ಕೆ ಹೀರೋನ ನೋಡಬಾರದು, ಹಿಂದೆ ಬೀದಿಯಲ್ಲಿ ನಡೆದುಹೋಗುವವರನ್ನು ನೋಡಬೇಕು. ಅವರು ಮನುಷ್ಯರ ಹಾಗೆ ನಡೆದರೆ ವೇಗ ಸರಿ. 1920ರ 'ದಿ ಪೆನಲ್ಟಿ'ಯಂಥ ಹಳೆಯ ಚಿತ್ರಗಳಿಗೆ ಇದು ಬೇಕಾಗುತ್ತೆ. ಕೊನೆಕೊನೆಯ ಎಂಜಿಎಂ ಚಿತ್ರಗಳಿಗೆ ಅಷ್ಟಾಗಿ ಬೇಡ. ಹಿಂದೆ ಯಾವುದೋ ಪಿಯಾನೋ ತುಣುಕು ಸುಮ್ನೆ ಮತ್ತೆ ಮತ್ತೆ ಬರುತ್ತಿದ್ದರೆ ಮ್ಯೂಟ್ ಮಾಡಿಬಿಡಿ.

ಮ್ಯೂಟ್ ಮಾಡಿದಾಗಲೇ ಚೇನಿ ನನಗೆ ಸರಿಯಾಗಿ ಕಂಡಿದ್ದು. ಅವನ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ಮನೆಯಲ್ಲಿ ಕೈಯಲ್ಲಿ, ಮುಖದಲ್ಲಿ ಮಾತಾಡಿ ಬೆಳೆದವನು. ನಮ್ಮ ಮೈಸೂರಿನ ಆಯಿಷ್, ಅಂದರೆ ವಾಕ್ ಶ್ರವಣ ಸಂಸ್ಥೆ, ಇರುವ ಮಾನಸಗಂಗೋತ್ರಿ ಕಡೆ ಓಡಾಡುವವರು ನೋಡಿರುತ್ತೀರಿ. ಬಸ್ ಸ್ಟಾಪಿನಲ್ಲಿ ಇಬ್ಬರು ಕೈಸನ್ನೆಯಲ್ಲಿ ಜಗಳ ಆಡುತ್ತಿದ್ದರೆ, ಭುಜ, ಹುಬ್ಬು ಎಲ್ಲವೂ ಮಾತಾಡುತ್ತಿರುತ್ತವೆ. ಚೇನಿಯ ಚಿತ್ರದಲ್ಲಿ ಬರಹದ ಕಾರ್ಡು ಬರೋದಕ್ಕೆ ಮುಂಚೆಯೇ ವಿಷಯ ತಿಳಿದುಬಿಡುತ್ತೆ.

'ದಿ ಪೆನಲ್ಟಿ'ಯಲ್ಲಿ ಅವನದು ಎರಡೂ ಕಾಲು ಕತ್ತರಿಸಿದ ಪಾತಕಿಯ ಪಾತ್ರ. ಕಾಲುಗಳನ್ನು ಹಿಂದಕ್ಕೆ ಮಡಿಸಿ ಕಟ್ಟಿಕೊಂಡು, ಮೊಣಕಾಲಿಗೆ ಚರ್ಮದ ಚೀಲ ಹಾಕಿಕೊಂಡು ನಡೆದಿದ್ದಾನೆ. ನನಗೆ ಬಣ್ಣ ಹಚ್ಚೋದು ಕಲಿಸಿದ ಹಿರಿಯರೊಬ್ಬರಿಗೆ ಇದನ್ನು ತೋರಿಸಿದೆ. ಕುವೆಂಪುನಗರದ ಅವರ ಮನೆ, ಸಂಜೆ ಕಾಫಿ ಹೊತ್ತು. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. "ಮುಖಕ್ಕೆ ಅಂಥದ್ದೇನೂ ಹಚ್ಚಿಲ್ವಲ್ಲೋ ಇವನು" ಅಂದರು.

"ಹೌದು ಸರ್, ಇದರಲ್ಲಿ ಕಡಿಮೆ."

"ಬೆನ್ನು ನೋಡು. ಕಾಲಿಲ್ಲದ ಸಿಟ್ಟೆಲ್ಲ ಬೆನ್ನಲ್ಲಿ ಇಟ್ಕೊಂಡಿದಾನೆ."

ಅದಾದ ಮೇಲೆ ನಾನು ನೋಡುವ ರೀತಿ ಬದಲಾಯಿತು. ಮೊದಲ ಸಲ ಕಥೆಗೆ ನೋಡ್ತೀನಿ. ಎರಡನೇ ಸಲ ಮುಖ ಬಿಟ್ಟು ಮಿಕ್ಕಿದ್ದನ್ನು ನೋಡ್ತೀನಿ. ಕೊಲೋಡಿಯನ್ ಹಚ್ಚಿ ಚರ್ಮ ಸೆಳೆದು ಗಾಯದ ಗುರುತು ಮಾಡೋದು, ಸ್ಪಿರಿಟ್ ಗಮ್‌ನಿಂದ ಕೂದಲು ಅಂಟಿಸೋದು, ಇವೆಲ್ಲ ನಾವೂ ಮಾಡಬಲ್ಲೆವು. ಪಾತ್ರಕ್ಕೆ ತಕ್ಕ ಕುತ್ತಿಗೆಯನ್ನು ಯಾವ ಡಬ್ಬದಿಂದ ತೆಗೆಯೋದು?

'ದಿ ಅನ್‌ನೋನ್' ಈ ದೃಷ್ಟಿಯಿಂದ ನನ್ನ ಮಟ್ಟಿಗೆ ಅವನ ಅತ್ಯುತ್ತಮ ಚಿತ್ರ. ಸರ್ಕಸ್ಸಿನಲ್ಲಿ ಕೈಯಿಲ್ಲದವನ ಹಾಗೆ ನಟಿಸುವ ಅಲಾನ್ಸೊ, ಕಾಲಿನಿಂದ ಚಾಕು ಎಸೆಯುತ್ತಾನೆ. ಕಾಲಿನ ಕಸರತ್ತು ಬಹಳ ಕಡೆ ಚೇನಿಯದಲ್ಲ, ನಿಜಕ್ಕೂ ಕೈಯಿಲ್ಲದ ಪಾಲ್ ಡೆಸ್ಮ್ಯೂಕ್ ಎಂಬಾತನದು. ಎದೆ, ಮುಖ ಒಬ್ಬನದು, ಪಾದ ಇನ್ನೊಬ್ಬನದು. ಎಷ್ಟು ನೋಡಿದರೂ ಹೊಲಿಗೆ ಕಾಣಲ್ಲ. ಗಂಡಸರ ಕೈ ಕಂಡರೆ ಬೆಚ್ಚುವ ಹುಡುಗಿಯಾಗಿ ಜೋನ್ ಕ್ರಾಫರ್ಡ್. ಅವಳಿಗೋಸ್ಕರ ಅಲಾನ್ಸೊ ತನ್ನ ಕೈಗಳನ್ನು ನಿಜಕ್ಕೂ ಕತ್ತರಿಸಿಕೊಂಡು ಬರುತ್ತಾನೆ. ಅಷ್ಟರಲ್ಲಿ ಅವಳಿಗೆ ಇನ್ನೊಬ್ಬನ ಕೈಗಳೇ ಇಷ್ಟವಾಗಿಬಿಟ್ಟಿವೆ. ಆ ಸುದ್ದಿ ಕೇಳಿದಾಗ ಚೇನಿ ಮೊದಲು ನಗುತ್ತಾನೆ. ನಗು ಎಲ್ಲಿ ಮುಗಿದು ಕಿರುಚಾಟ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯೋಕೆ ನನಗೆ ಇವತ್ತಿಗೂ ಆಗಿಲ್ಲ. ಮುಖಕ್ಕೆ ವಿಕಾರದ ಮೇಕಪ್ ಒಂದಿಷ್ಟೂ ಇಲ್ಲ ಅಲ್ಲಿ.

ಎಲ್ಲವನ್ನೂ ಹೊಗಳಬೇಕಾಗಿಲ್ಲ. 1927ರ 'ಮಿಸ್ಟರ್ ವು'ನಲ್ಲಿ ಅವನು ಚೀನಾದವನಾಗಿ ಬಣ್ಣ ಹಚ್ಚಿಕೊಂಡಿದ್ದಾನೆ. ಕೆಲಸ ನಾಜೂಕು, ನೋಡೋಕೆ ಮಾತ್ರ ಇರುಸುಮುರುಸು. ಚೀನೀ ಮೂಲದ ಆನಾ ಮೇ ವಾಂಗ್ ಅದೇ ಚಿತ್ರದಲ್ಲಿ ಸಣ್ಣ ಪಾತ್ರದಲ್ಲಿದ್ದಾಳೆ, ಮಗಳ ದೊಡ್ಡ ಪಾತ್ರ ಹೋಗಿದ್ದು ಫ್ರೆಂಚ್ ನಟಿಗೆ. ಅದೂ ಕಣ್ಣಿಗೆ ಬೀಳಬೇಕು ಅಲ್ವಾ?

ಹೊಸಬರು ಫ್ಯಾಂಟಮ್‌ನಿಂದ ಶುರು ಮಾಡಲಿ. ಮುಖವಾಡ ಕಳಚುವ ದೃಶ್ಯದಲ್ಲಿ ಹುಡುಗಿ ಅವನ ಹಿಂದೆ ನಿಂತಿದ್ದಾಳೆ. ಹಾಗಾಗಿ ಆ ಮುಖ ಅವಳಿಗಿಂತ ಮೊದಲು ನಮಗೆ ಕಾಣುತ್ತೆ. ಬಣ್ಣಕ್ಕಿಂತ ಆ ಲೆಕ್ಕಾಚಾರವೇ ಹೆದರಿಸೋದು. ಆಮೇಲೆ 1924ರ 'ಹಿ ಹೂ ಗೆಟ್ಸ್ ಸ್ಲ್ಯಾಪ್ಡ್', ನಂತರ 'ದಿ ಅನ್‌ನೋನ್'. ಅಷ್ಟಾದ ಮೇಲೂ ಆಸೆ ಉಳಿದಿದ್ದರೆ 'ದಿ ಅನ್‌ಹೋಲಿ ತ್ರೀ'. ಇದು ಎರಡು ಸಲ ಬಂದಿದೆ. 1925ರಲ್ಲಿ ಮೂಕಿ, 1930ರಲ್ಲಿ ಟಾಕಿ. ಅವನು ಮಾತಾಡಿದ್ದು ಆ ಟಾಕಿಯೊಂದರಲ್ಲೇ. ಅದು ಬಂದ ವರ್ಷವೇ ಆಗಸ್ಟ್‌ನಲ್ಲಿ, 47ನೇ ವಯಸ್ಸಿಗೆ ತೀರಿಕೊಂಡ. ಟಾಕಿಯಲ್ಲಿ ಅವನ ಪಾತ್ರ ಹಾಕುವ ಮುದುಕಿ ವೇಷದ ದನಿಯನ್ನೂ ಅವನೇ ಮಾಡಿದ್ದಾನೆ, ಚೆನ್ನಾಗಿಯೇ ಮಾಡಿದ್ದಾನೆ. ನನಗೆ ಮಾತ್ರ ಮೂಕಿಯ ಮುದುಕಿಯೇ ಇಷ್ಟ. ಅದರಲ್ಲಿ ಅವಳು ಬಗ್ಗುವ ರೀತಿಯಲ್ಲೇ ದನಿ ಕೇಳಿಸುತ್ತೆ.