ತಡವಾಗಿ ಬರುವ ಉರಿ: ಮನೆಯಲ್ಲಿ ಆರ್ಕ್ ವೆಲ್ಡಿಂಗ್ ಕಲಿತ ನನ್ನ ಅನುಭವ

ಇನ್‌ವರ್ಟರ್ ವೆಲ್ಡಿಂಗ್ ಯಂತ್ರ ಮನೆಗೆ ಬಂದ ಮೂರನೆಯ ದಿನ, ರಾತ್ರಿ ಸುಮಾರು 2 ಗಂಟೆಗೆ ನನಗೆ ಎಚ್ಚರವಾಯಿತು. ಎರಡೂ ಕಣ್ಣುಗಳಿಗೆ ಮರಳು ತುಂಬಿ ಉಜ್ಜಿದಂತೆ ಉರಿ. ರೆಪ್ಪೆ ತೆರೆದರೆ ಧಾರಾಕಾರ ನೀರು, ಮುಚ್ಚಿದರೆ ಚುಚ್ಚು. ಆ ಸಂಜೆ ಮೇಜಿನ ಚೌಕಟ್ಟೊಂದಕ್ಕೆ ಹತ್ತು ಹನ್ನೆರಡು ಟ್ಯಾಕ್ (ತುಂಡುಗಳನ್ನು ಹಿಡಿದಿಡುವ ಚಿಕ್ಕ ಬೆಸುಗೆ) ಹಾಕುವಾಗ, ಪ್ರತಿ ಸಲವೂ ಹೆಲ್ಮೆಟ್ ಇಳಿಸುವುದಕ್ಕೆ ಬೇಸರಪಟ್ಟು, ಕಣ್ಣು ಮುಚ್ಚಿ ಮುಖ ತಿರುಗಿಸಿಕೊಂಡರೆ ಸಾಕೆಂದು ಭಾವಿಸಿದ್ದೆ. ಆದರೆ ಕರಗಿ ಬೆಸೆಯುವ ರಾಡ್ ಕಬ್ಬಿಣಕ್ಕೆ ತಾಗಿ ಬೆಳಕು ಚಿಮ್ಮಿದ ಮೇಲೆಯೇ ರೆಪ್ಪೆ ಮುಚ್ಚುತ್ತಿತ್ತು ಎಂಬುದು ನನಗೆ ಹೊಳೆದಿರಲಿಲ್ಲ. ಆರ್ಕಿನ, ಅಂದರೆ ರಾಡ್ ಮತ್ತು ಕಬ್ಬಿಣದ ನಡುವೆ ಹೊತ್ತುವ ವಿದ್ಯುತ್ ಜ್ವಾಲೆಯ, ನೇರಳಾತೀತ ಕಿರಣ ಕಣ್ಣಿನ ಪಾರದರ್ಶಕ ಪಟಲದ ಮೇಲ್ಪದರವನ್ನು ಸುಡುತ್ತದೆ. ಸುಟ್ಟ ಕೋಶಗಳು ಉದುರಿ ನೋವು ತಲೆದೋರುವುದಕ್ಕೆ ಸಾಮಾನ್ಯವಾಗಿ 6ರಿಂದ 12 ಗಂಟೆ ಹಿಡಿಯುತ್ತದೆ. ವೈದ್ಯರಿಗೆ ತೋರಿಸಿ, ಔಷಧಿ ಹಾಕಿಕೊಂಡು, ಕತ್ತಲೆ ಕೋಣೆಯಲ್ಲಿ ಎರಡು ದಿನ ಕಳೆದ ಮೇಲೆ ಕಣ್ಣು ಸರಿಹೋಯಿತು.

ಆ ಎರಡು ದಿನಗಳಲ್ಲಿ ನನಗೆ ಮನದಟ್ಟಾದದ್ದು ಇಷ್ಟು: ಕಾದ ಕಬ್ಬಿಣ ಮುಟ್ಟಿದರೆ ಕೈ ತಕ್ಷಣ ಹಿಂದೆ ಬರುತ್ತದೆ, ಆದರೆ ಈ ಕೆಲಸದ ದೊಡ್ಡ ಅಪಾಯಗಳಲ್ಲಿ ಹೆಚ್ಚಿನವು ಹಾನಿ ಮಾಡುವ ಹೊತ್ತಿಗೆ ಸುಳಿವನ್ನೇ ಕೊಡುವುದಿಲ್ಲ. ಆದ್ದರಿಂದ ನೋವನ್ನು ನಂಬಿ ಕಲಿಯುವ ದಾರಿಯನ್ನು ಬಿಟ್ಟು, ಎಲ್ಲವನ್ನೂ ಮೊದಲಿನಿಂದ ಜೋಡಿಸಿಕೊಂಡೆ.

ಹೆಲ್ಮೆಟ್ಟಿನ ವಿಷಯ ಬೇಗ ಮುಗಿಯಿತು. ತಾನಾಗಿ ಕಪ್ಪಾಗುವ ಗಾಜಿನದನ್ನೇ ಕೊಂಡು, ಅದನ್ನು 10ನೆಯ ಶೇಡಿಗೆ (ಗಾಜು ಎಷ್ಟು ಕಪ್ಪಾಗಬೇಕೆಂಬ ಅಂಕಿ) ಇಟ್ಟುಕೊಂಡೆ. ನಾನು ಬಳಸುವ 70–80 ಆಂಪಿಯರಿಗೆ ಅದು ಹಿತವಾಗಿದೆ. ಮನೆಯವರು ಯಾರೂ ಕುತೂಹಲಕ್ಕೆ ಇಣುಕದಂತೆ ಬೆಂಕಿ ಹಿಡಿಯದ ಪರದೆಯೊಂದನ್ನು ಕಟ್ಟಿದೆ. ಹತ್ತಿಯ ದಪ್ಪ ಅಂಗಿಯ ಕಾಲರಿನ ಗುಂಡಿಯನ್ನೂ ಹಾಕಿಕೊಳ್ಳುತ್ತೇನೆ, ಏಕೆಂದರೆ ಕತ್ತಿನ ಕೆಳಗಿನ ತ್ರಿಕೋನಾಕಾರದ ಚರ್ಮ ಬಿಸಿಲಿಗಿಂತ ವೇಗವಾಗಿ ಆರ್ಕಿಗೆ ಸುಡುತ್ತದೆ. ಪಾಲಿಯೆಸ್ಟರ್ ಬಟ್ಟೆ ಬೇಡವೇ ಬೇಡ. ಕಿಡಿ ಬಿದ್ದರೆ ಅದು ಕರಗಿ ಮೈಗೆ ಅಂಟುತ್ತದೆ.

ವಿದ್ಯುತ್ತಿನ ಬಗ್ಗೆ ನನಗೊಂದು ತಪ್ಪು ಧೈರ್ಯವಿತ್ತು. ಮನೆಯ ಇಎಲ್‌ಸಿಬಿ (ವಿದ್ಯುತ್ ಸೋರಿದರೆ ಲೈನ್ ಕಡಿಯುವ ಸಾಧನ) ಎಲ್ಲವನ್ನೂ ಕಾಯುತ್ತದೆ ಎಂದುಕೊಂಡಿದ್ದೆ. ಯಂತ್ರದೊಳಗಿನ ಟ್ರಾನ್ಸ್‌ಫಾರ್ಮರ್ ರಾಡಿನ ಕಡೆಯ ವಿದ್ಯುತ್ತನ್ನು ಮುಖ್ಯ ಲೈನಿನಿಂದ ಬೇರ್ಪಡಿಸುವುದರಿಂದ, ರಾಡ್ ಹಿಡಿಯುವ ಹೋಲ್ಡರ್ ಮತ್ತು ಕೆಲಸದ ಕಬ್ಬಿಣದ ನಡುವೆ ನನ್ನ ಮೈ ಸಿಕ್ಕಿಕೊಂಡರೆ ಆ ಸಾಧನಕ್ಕೆ ಅದು ಕಾಣುವುದೇ ಇಲ್ಲ. ಆರ್ಕ್ ಹೊತ್ತಿಸದೆ ಇರುವಾಗಲೂ ಹೋಲ್ಡರಿನಲ್ಲಿ ಹಲವು ಯಂತ್ರಗಳಲ್ಲಿ 60ರಿಂದ 80 ವೋಲ್ಟ್ ಇರುತ್ತದೆ; ಒಣಗಿದ ಕೈಗೆ ಗೊತ್ತಾಗದ ಅದು ಬೆವರಿದ ಮೈಗೆ ಪ್ರಾಣಾಪಾಯವಾಗಬಲ್ಲದು. ಹೀಗಾಗಿ ಎರಡು ಜೊತೆ ಚರ್ಮದ ಕೈಗವಸು ಇಟ್ಟುಕೊಂಡು, ಒಂದು ತೇವವಾದೊಡನೆ ಇನ್ನೊಂದನ್ನು ತೊಡುತ್ತೇನೆ. ರಾಡ್ ಬದಲಿಸುವುದೂ ಗವಸಿನ ಕೈಯಲ್ಲೇ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲಿ ಬಿಟ್ಟರೆ ಬಿಸಿಯಾಗಿ ಇನ್ಸುಲೇಷನ್ ಕರಗುವುದರಿಂದ ಪೂರ್ತಿ ಬಿಡಿಸಿ ಹಾಸುತ್ತೇನೆ.

ಇನ್ನು ಕಲಿಕೆ. ಹೀಗೆ ಮತ್ತೆ ಶುರು ಮಾಡಿದ ಮೇಲೆ ಮೊದಲ ಎರಡು ವಾರ ನಾನು ಯಾವುದನ್ನೂ ಜೋಡಿಸಲಿಲ್ಲ. 6 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ತುಂಡಿನ ತುಕ್ಕನ್ನು ಗ್ರೈಂಡರಿನಿಂದ ತೆಗೆದು, ಅದರ ಮೇಲೆ 2.5 ಮಿ.ಮೀ. ದಪ್ಪದ, 6013 ಎಂಬ ಬಗೆಯ ರಾಡಿನಿಂದ ಸಾಲು ಸಾಲಾಗಿ ಬೀಡ್ (ಕರಗಿ ಗಟ್ಟಿಯಾದ ಲೋಹದ ಗೆರೆ) ಎಳೆದೆ, ಅಷ್ಟೇ. ಬೆಂಕಿಕಡ್ಡಿ ಗೀರಿದಂತೆ ರಾಡನ್ನು ಗೀರಿ ಎತ್ತಬೇಕು. ನಾನು ಕುಟ್ಟುತ್ತಿದ್ದೆ, ಅದು ಅಂಟಿಕೊಳ್ಳುತ್ತಿತ್ತು. ಅಂಟಿದ ರಾಡನ್ನು ಬಿಡಿಸುವಾಗ ಹೆಲ್ಮೆಟ್ ಎತ್ತುವ ಚಪಲ ಎಲ್ಲರಿಗೂ ಬರುತ್ತದೆ, ಆದರೆ ಕಿತ್ತು ಬರುವ ಕ್ಷಣದಲ್ಲೇ ಮತ್ತೊಮ್ಮೆ ಆರ್ಕ್ ಹೊತ್ತಿಕೊಳ್ಳುತ್ತದೆ. ಹೆಲ್ಮೆಟ್ ಇಳಿಸಿಕೊಂಡೇ ಮಣಿಕಟ್ಟು ತಿರುಚಿ ನೋಡುವುದು, ಬರದಿದ್ದರೆ ಯಂತ್ರವನ್ನು ಆರಿಸಿ ಬಿಡಿಸುವುದು ನನ್ನ ಪದ್ಧತಿಯಾಯಿತು.

ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ, ಅಲ್ಲಿಯವರೆಗೆ ಬರೀ ಬೆಳಕನ್ನೇ ನೋಡುತ್ತಿದ್ದ ನನಗೆ, ಬೆಳಕಿನ ಬೆನ್ನಿಗೆ ಹರಿದು ಬರುವ ಕರಗಿದ ಲೋಹದ ಪುಟ್ಟ ಮಡು ಮೊದಲ ಬಾರಿಗೆ ಕಂಡಿತು. ಮಡುವಿನ ಹಿಂದೆ ಮಬ್ಬಾದ ಸ್ಲ್ಯಾಗ್ (ರಾಡಿನ ಲೇಪನ ಕರಗಿ ಉಳಿಯುವ ಕಿಟ್ಟ) ಕೆನೆಯಂತೆ ಕಟ್ಟುತ್ತಿತ್ತು. ಎರಡರ ನಡುವಿನ ಗೆರೆ ಅಲುಗದಂತೆ ಕೈ ನಡೆಸಿದರೆ ಬೀಡ್ ತಾನಾಗಿ ಸಮವಾಗುತ್ತಿತ್ತು. ರಾಡಿನ ತುದಿಯನ್ನು ಅದರ ದಪ್ಪದಷ್ಟೇ ಎತ್ತರದಲ್ಲಿ ಹಿಡಿದಾಗ ಒಂದೇ ಸಮನಾದ ಚರಚರ ಸದ್ದು, ದೂರ ಹೋದೊಡನೆ ಬುಸುಗುಟ್ಟುವಿಕೆ ಮತ್ತು ಎಲ್ಲೆಡೆ ಸಿಡಿಯುವ ಕಿಡಿ. ಆ ದಿನದ ಕೊನೆಯ ಬೀಡಿನ ಸ್ಲ್ಯಾಗ್ ತಣಿಯುತ್ತ ತಾನೇ ಸುರುಳಿಯಾಗಿ ಎದ್ದು, ಚಟ್ಟೆಂದು ಸಿಡಿದು, ಆಗಷ್ಟೇ ಹೆಲ್ಮೆಟ್ ಎತ್ತಿದ್ದ ನನ್ನ ಕನ್ನಡಕಕ್ಕೆ ಬಡಿಯಿತು. ಹೆಲ್ಮೆಟ್ಟಿನ ಒಳಗೂ ಸುರಕ್ಷತಾ ಕನ್ನಡಕ ಹಾಕಿಕೊಳ್ಳುವುದು ಅತಿಯೆಂದು ಅಲ್ಲಿಯವರೆಗೆ ನನಗೂ ಅನಿಸುತ್ತಿತ್ತು.

ಹೊಗೆಯ ವಿಷಯದಲ್ಲಿ ಮಾತ್ರ ಮತ್ತೆ ಎಡವಿದೆ. ಸತು ಲೇಪಿಸಿದ ಜಿಐ ಪೈಪಿನ ತುಂಡೊಂದನ್ನು, ಸಣ್ಣ ಕೆಲಸ ತಾನೇ ಎಂದು, ಲೇಪನ ತೆಗೆಯದೆ ಬೆಸೆದೆ. ಬಿಳಿಯ ದಟ್ಟ ಹೊಗೆ ಎದ್ದು, ಜೇಡರ ಬಲೆಯಂಥ ಬಿಳಿ ಎಳೆಗಳು ಗಾಳಿಯಲ್ಲಿ ತೇಲಿದವು. ಆಗ ಬಾಯಲ್ಲಿ ಒಂದು ವಿಚಿತ್ರ ಸಿಹಿ ಲೋಹದ ರುಚಿ ಬಂದದ್ದು ಬಿಟ್ಟರೆ ಏನೂ ಅನಿಸಲಿಲ್ಲ. ರಾತ್ರಿಯ ಹೊತ್ತಿಗೆ ಚಳಿ, ಮೈಕೈ ನೋವು, ಜ್ವರ. ಸತುವಿನ ಆಕ್ಸೈಡ್ ಹೊಗೆಯಿಂದ ಬರುವ ಈ ಜ್ವರ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ, ನನಗೂ ಹಾಗೆಯೇ ಇಳಿಯಿತು. ಈಗ ಅಂಥ ಪೈಪನ್ನು ಕೈಗೆತ್ತಿಕೊಳ್ಳುವುದೇ ಇಲ್ಲ. ಉಳಿದ ಕೆಲಸವನ್ನು ತೆರೆದ ಜಾಗದಲ್ಲಿ, ಹೊಗೆ ಪಕ್ಕಕ್ಕೆ ಹೋಗುವಂತೆ ನಿಂತು, ಮುಖವನ್ನು ಮಡುವಿನ ನೇರಕ್ಕೆ ಬಾಗಿಸದೆ ಮಾಡುತ್ತೇನೆ. ಬ್ರೇಕ್ ಕ್ಲೀನರಿನಂಥ ದ್ರಾವಣಗಳಿಂದ ಲೋಹ ಒರೆಸುವುದನ್ನೂ ಬಿಟ್ಟಿದ್ದೇನೆ. ಅವುಗಳಲ್ಲಿ ಕ್ಲೋರಿನ್ ಇದ್ದರೆ ಆರ್ಕಿನ ಕಿರಣಕ್ಕೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟಬಲ್ಲದು. ಇಂಧನವಿದ್ದ ಹಳೆಯ ಡ್ರಮ್ಮನ್ನಂತೂ, ಖಾಲಿ ಕಂಡರೂ, ಯಾರು ಕೇಳಿದರೂ ಬೆಸೆಯುವುದಿಲ್ಲ.

ಉಳಿದದ್ದು ಬೆಂಕಿ. ಕಿಡಿಗಳು 10 ಮೀಟರಿನವರೆಗೂ ಉರುಳಿ ಹೋಗಬಲ್ಲವು ಎಂದು ಓದಿದಾಗ ಉತ್ಪ್ರೇಕ್ಷೆ ಎನಿಸಿತ್ತು. ಆದರೂ ಕೆಲಸದ ಸುತ್ತ ಮರದ ಹೊಟ್ಟು, ಕಾಗದ, ಬಣ್ಣದ ಡಬ್ಬಿಗಳನ್ನು ತೆಗೆದು, ನೀರಿನ ಬಕೆಟ್ಟು ಮತ್ತು ಒಣ ಪುಡಿಯ ಅಗ್ನಿಶಾಮಕ ಇಟ್ಟು, ಯಂತ್ರ ಆರಿಸಿದ ಮೇಲೆ ಒಂದು ಗಂಟೆ ಅಲ್ಲೇ ಗುಡಿಸುತ್ತಲೋ ಉಪಕರಣ ಒರೆಸುತ್ತಲೋ ಇರುವುದನ್ನು ರೂಢಿ ಮಾಡಿಕೊಂಡೆ. ತಿಂಗಳುಗಟ್ಟಲೆ ಆ ಗಂಟೆ ವ್ಯರ್ಥವೆಂದೇ ತೋರಿತು. ಒಂದು ಸಂಜೆ, ಕೆಲಸ ಮುಗಿದು ಸುಮಾರು 40 ನಿಮಿಷವಾಗಿದ್ದಾಗ, ಸುಟ್ಟ ಬಟ್ಟೆಯ ತೆಳುವಾದ ವಾಸನೆ ಬಂತು. ಬಾಗಿಲ ಚೌಕಟ್ಟಿನ ಕೆಳಗಿನ ಬಿರುಕಿನಲ್ಲಿ, ನಾನೇ ಯಾವಾಗಲೋ ಇರುವೆ ಬಾರದಂತೆ ತುರುಕಿದ್ದ ಹಳೆಯ ಚಿಂದಿಯ ಅಂಚು, ಹೊಗೆಯೂ ಸರಿಯಾಗಿ ಕಾಣದಷ್ಟು ಸಣ್ಣಗೆ ಕೆಂಪಾಗಿ ಕನಲುತ್ತಿತ್ತು. ನೀರು ಹಾಕಿ ಆರಿಸಿ, ಅಳತೆಪಟ್ಟಿ ಹಿಡಿದು ನೋಡಿದೆ: ನಾನು ಬೆಸೆದ ಜಾಗದಿಂದ ಅಲ್ಲಿಗೆ 6 ಮೀಟರ್ 20 ಸೆಂಟಿಮೀಟರ್.